ಬಿಗಿದವನೊಬ್ಬ, ಬಿಚ್ಚಿದವನೊಬ್ಬ

ಕಾರು ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಮೈಲೇಜು ಕೇಳುತ್ತೇವೆ, ಡಿಕ್ಕಿಯಲ್ಲಿ ಎಷ್ಟು ಲಗೇಜು ಹಿಡಿಸುತ್ತದೆಂದು ಲೆಕ್ಕ ಹಾಕುತ್ತೇವೆ. ನೆಲಕ್ಕೆ ಬಗ್ಗಿ, ಎಂಜಿನ್ನಿನ ಹೊಟ್ಟೆಯಡಿ ಇಣುಕಿ, ‘ಡ್ರೈನ್ ನಟ್ಟಿನ ಥ್ರೆಡ್ ಹೇಗಿದೆ?’ ಎಂದು ವಿಚಾರಿಸಿದ ಗಿರಾಕಿಯನ್ನು ಯಾವ ಶೋರೂಮೂ ಕಂಡಿರಲಾರದು. ಮೂರ್ನಾಲ್ಕು ಲೀಟರ್ ಎಣ್ಣೆಯನ್ನು ಆ ಒಂದು ನಟ್ಟು ತಡೆದು ನಿಂತಿರುತ್ತದೆ. ಅದರ ಹೆಸರು ನಮ್ಮ ಬಾಯಿಗೆ ಬರುವುದು ಅದು ಕೈಕೊಟ್ಟ ದಿನವೇ.

ನನ್ನ ಕಾರಿನದು ಕೈಕೊಟ್ಟಿತು. ಆಯಿಲ್ ಬದಲಿಸಲು ಬಿಟ್ಟಿದ್ದ ಗ್ಯಾರೇಜಿನಿಂದ ಹುಡುಗ ಫೋನ್ ಮಾಡಿ, “ಸಾರ್, ನಟ್ಟು ಸುಮ್ನೆ ತಿರುಗ್ತಾ ಇದೆ” ಅಂದ.

“ತಿರುಗಲಿ ಬಿಡಪ್ಪಾ, ಅದರ ಕೆಲಸವೇ ಅದಲ್ವಾ?”

“ತಿರುಗುತ್ತೆ, ಹಿಡಿಯಲ್ಲ ಸಾರ್. ಆಯಿಲ್ ಚೇಂಬರ್ ಥ್ರೆಡ್ ಹೋಗಿದೆ. ನಾನೇನೂ ಮಾಡಿಲ್ಲ.”

ಕೊನೆಯ ಮಾತು ಅಪ್ಪಟ ಸತ್ಯ. ಈ ರೋಗದ ವಿಶೇಷವೇ ಅದು: ಹಾಳು ಮಾಡುವವನು ಬಿಗಿಯುವವನು, ಸಿಕ್ಕಿಬೀಳುವವನು ಬಿಚ್ಚುವವನು. ಬಿಗಿದವನು ಅಷ್ಟರಲ್ಲಿ ಕೆಲಸ ಬಿಟ್ಟು, ಸ್ವಂತ ಗ್ಯಾರೇಜು ತೆರೆದು, ಅಲ್ಲಿ ಬೇರೆಯವರ ನಟ್ಟು ಬಿಗಿಯುತ್ತಿರುತ್ತಾನೆ.

ನಮ್ಮ ರಸ್ತೆಗಳಲ್ಲಿ ಓಡುವ ಬಹಳಷ್ಟು ಕಾರುಗಳಲ್ಲಿ ಈ ನಟ್ಟಿನ ದಪ್ಪ 14 ಮಿ.ಮೀ.; ಒಂದು ಸುತ್ತಿಗೆ 1.5 ಮಿ.ಮೀ. ಮೇಲೇರುತ್ತದೆ. ಬಿಗಿಯಬೇಕಾದ್ದು ಸುಮಾರು 35ರಿಂದ 40 ನ್ಯೂಟನ್ ಮೀಟರ್. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದಡಿ ಉದ್ದದ ಸ್ಪ್ಯಾನರಿನ ತುದಿಗೆ 25 ಕೆ.ಜಿ. ಅಕ್ಕಿಚೀಲದ ಅರ್ಧವನ್ನು ತೂಗುಬಿಟ್ಟಷ್ಟು. ಗ್ಯಾರೇಜಿನಲ್ಲಾದರೋ ಪೂರ್ತಿ ಚೀಲದ ಜೊತೆಗೆ ಚೀಲ ಹೊತ್ತವನೂ ನೇತಾಡುತ್ತಾನೆ. ಸ್ಪ್ಯಾನರಿಗೆ ಇನ್ನೊಂದಡಿ ಪೈಪು ತೊಡಿಸಿದರಂತೂ ಅದೇ ತೋಳಿಗೆ ಎರಡರಷ್ಟು ಫಲ. ಸಾಲದ್ದಕ್ಕೆ ಥ್ರೆಡ್ಡಿಗೆ ಎಣ್ಣೆ ಹತ್ತಿದ್ದರೆ ಘರ್ಷಣೆ ತಗ್ಗಿ ಎಳೆತ ಮತ್ತಷ್ಟು ಹೆಚ್ಚುತ್ತದೆ. ಈ ನಟ್ಟೋ, ಹುಟ್ಟಿದಂದಿನಿಂದ ಎಣ್ಣೆಸ್ನಾನದಲ್ಲೇ ಇದೆ. ನಟ್ಟು ಉಕ್ಕಿನದು, ನನ್ನ ಕಾರಿನ ಚೇಂಬರು ಅಲ್ಯೂಮಿನಿಯಂನದು. ಇಬ್ಬರ ಜಗಳದಲ್ಲಿ ಹಲ್ಲು ಉದುರುವುದು ಮೆತ್ತಗಿದ್ದವನದೇ.

ಇಷ್ಟು ಸಿಟ್ಟಿನಿಂದ ಬಿಗಿಯುವುದೇಕೆ? ಮೂಲದಲ್ಲಿ ಕೂತಿರುವುದು ಒಂದು ವಾಷರು. ಎಣ್ಣೆ ಸೋರದಂತೆ ತಡೆಯುವುದು ಥ್ರೆಡ್ಡಲ್ಲ. ನಟ್ಟಿನ ತಲೆಗೂ ಚೇಂಬರಿಗೂ ನಡುವೆ ತನ್ನನ್ನು ತಾನೇ ಜಜ್ಜಿಸಿಕೊಂಡು ಕೂರುವ ತಾಮ್ರದ್ದೋ ಅಲ್ಯೂಮಿನಿಯಂನದೋ ಆದ ಬಳೆಚೂರು. ಒಮ್ಮೆ ಜಜ್ಜಿದ ಮೇಲೆ ಅದರ ಆಯಸ್ಸು ತೀರಿತು. ಪ್ರತಿ ಸಲವೂ ಹೊಸದು ಹಾಕಬೇಕು. ಸಾವಿರಾರು ರೂಪಾಯಿಯ ಸಿಂಥೆಟಿಕ್ ಆಯಿಲ್ ಸುರಿಸುವ ನಾವು, ಚಿಲ್ಲರೆ ಕಾಸಿನ ವಾಷರು ಬಂದಾಗ ಮಾತ್ರ ಮಿತವ್ಯಯದ ಮಹಾತ್ಮರಾಗಿ, “ಹಳೇದೇ ಚೆನ್ನಾಗಿದ್ಯಲ್ಲ!” ಎನ್ನುತ್ತೇವೆ. ಹಳೆಯದು ತೊಟ್ಟಿಕ್ಕುತ್ತದೆ. ಪಾರ್ಕಿಂಗಿನ ನೆಲದಲ್ಲಿ ಕಪ್ಪು ಬೊಟ್ಟು ಕಂಡ ಮಾಲೀಕ ಗ್ಯಾರೇಜಿಗೆ ಬಂದು ಕೂಗಾಡುತ್ತಾನೆ. ಹುಡುಗ ಇನ್ನರ್ಧ ಸುತ್ತು ಕೊಡುತ್ತಾನೆ. ಮುಂದಿನ ಸಲ ಇನ್ನೊಬ್ಬ ಇನ್ನರ್ಧ. ನಟ್ಟು ಬಿದ್ದು, ಎಣ್ಣೆ ಖಾಲಿಯಾಗಿ, ಎಂಜಿನ್ ಹಿಡಿದುಕೊಂಡರೆ ತನ್ನ ತಲೆಗೆ ಬರುತ್ತದೆಂಬ ಭಯ ಎಲ್ಲರಿಗೂ. ಥ್ರೆಡ್ಡನ್ನು ತಿಂದದ್ದು ಆ ಭಯ.

ಸುದ್ದಿ ಹಬ್ಬುತ್ತಲೇ ವೈದ್ಯರು ಸೇರಿದರು. ಪಕ್ಕದ ಮನೆಯ ನಿವೃತ್ತ ಎಂಜಿನಿಯರರು ಟೆಫ್ಲಾನ್ ಟೇಪು ಸುತ್ತಿ ಎಂದರು. ಅವರಿದ್ದದ್ದು ನೀರು ಸರಬರಾಜು ಇಲಾಖೆಯಲ್ಲಿ. ನಮ್ಮ ಭಾವನವರು, “ಎಂ-ಸೀಲ್ ಮೆತ್ತಿ ಮುಚ್ಚಿಬಿಡಿ. ಮುಂದೆ ಎಣ್ಣೆಯನ್ನ ಡಿಪ್‌ಸ್ಟಿಕ್ ತೂತಿಂದ ಹೀರಿ ತೆಗೆದ್ರಾಯ್ತು” ಎಂದರು. ಹೀರುವ ಪಂಪು ಇರುವುದು ನಿಜ. ಆದರೆ ಭಾವನವರು ಹೇಳಿದ ಧಾಟಿಯಲ್ಲಿ ಪಂಪಿನ ಸುಳಿವಿರಲಿಲ್ಲ, ನನ್ನ ಬಾಯಿಯ ಮೇಲೇ ಅವರ ಕಣ್ಣಿತ್ತು.

ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯಾತ ಓವರ್‌ಸೈಜ್ ನಟ್ಟು ಮುಂದಿಟ್ಟ. ಒಂದು ಸುತ್ತು ದಪ್ಪ, ಮೈಮೇಲೆ ಸೀಳು, ತಾನೇ ಹೊಸ ಥ್ರೆಡ್ ಕೊರೆದುಕೊಂಡು ಒಳಗೆ ನುಗ್ಗುತ್ತದೆ. ನೆಟ್ಟಗೆ ನುಗ್ಗಿದರೆ ಪುಣ್ಯ, ಸೊಟ್ಟಗೆ ಹೋದರೆ ವಾಷರು ಒಂದು ಕಡೆ ಮಾತ್ರ ಕೂತು ಸೋರಿಕೆ ಖಾಯಂ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಥ್ರೆಡ್ಡಿಗೆಲ್ಲ ಒಂದೇ ಅಳತೆ ಇರಲೆಂದು ಮುಂದಾಗುವ ಮುನ್ನ ಒಂದೊಂದು ವರ್ಕ್‌ಶಾಪಿಗೆ ಒಂದೊಂದು ಥ್ರೆಡ್ ಇತ್ತು. ಈ ನಟ್ಟು ತೊಟ್ಟ ಕಾರು ಮತ್ತೆ ಆ ಕಾಲಕ್ಕೇ ಹೋಗಿ ನಿಲ್ಲುತ್ತದೆ: ಕಂಪನಿಯ ನಟ್ಟು ಅದಕ್ಕೆ ಇನ್ನು ಆಗಿಬರುವುದಿಲ್ಲ.

ಕೊನೆಗೆ ದಾರಿ ತೋರಿಸಿದವರು ಲೇತ್ ಅಂಗಡಿಯ ಮೇಸ್ತ್ರಿ. “ಹೆಲಿಕಾಯಿಲ್ ಹಾಕೋಣ ಸ್ವಾಮಿ, ನಿಮ್ಮ ನಟ್ಟೇ ವಾಪಸ್ ಕೂರುತ್ತೆ” ಎಂದು ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿಯೊಂದನ್ನು ಅಂಗೈಗಿಟ್ಟರು. ಸವೆದ ಥ್ರೆಡ್ಡನ್ನು ಪೂರ್ತಿ ಕೊರೆದು ತೆಗೆದು, ಹೊಸ ಥ್ರೆಡ್ ಕೊರೆಯುವ ಟ್ಯಾಪಿನ ಕಾಲುವೆಗಳಿಗೆ ಗ್ರೀಸ್ ತುಂಬಿದರು. ಕೊರೆದ ಚೂರು ಒಳಗೆ ಬೀಳದೆ ಗ್ರೀಸಿಗೇ ಅಂಟಲಿ ಎಂದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಆಗಾಗ ಹೊರತೆಗೆದು ಒರೆಸುವುದು. ಅವಸರವೇ ಇಲ್ಲ. ಆಮೇಲೆ ಸುರುಳಿಯನ್ನು ತಿರುಗಿಸಿ ಕೂರಿಸಿ, ಅದರ ತುದಿಯ ಪುಟ್ಟ ಬಾಲ ಮುರಿದು, ಮುರಿದ ಚೂರು ಕೈಗೆ ಸಿಗುವವರೆಗೂ ಬಿಡಲಿಲ್ಲ.

“ಸುರುಳಿ ಒಳಗೇ ಕೂತಿರ್ಬೇಕು. ಒಂದು ಕೂದಲು ಹೊರಗೆ ಇಣುಕಿದ್ರೂ ವಾಷರ್ ಕೂರಲ್ಲ” ಎಂದರು. ಮೇಲಿನಿಂದ ಅರ್ಧ ಲೀಟರ್ ಅಗ್ಗದ ಎಣ್ಣೆ ಸುರಿದು, ಕೆಳಗೆ ಬಿಳಿ ಬಟ್ಟೆ ಹಿಡಿದು, ಅಳಿದುಳಿದ ಚೂರುಗಳನ್ನು ತೊಳೆದು ತೆಗೆದರು. ಅಲ್ಯೂಮಿನಿಯಂ ಇದ್ದ ಜಾಗಕ್ಕೆ ಉಕ್ಕು ಬಂದಿತು; ಕಂಪನಿ ಕೊಟ್ಟದ್ದಕ್ಕಿಂತ ರಿಪೇರಿಯೇ ಗಟ್ಟಿ. ಕೊನೆಗೆ ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ಬುಡದ ಹತ್ತಿರ ಹಿಡಿದು, ಸಣ್ಣಗೆ ಒಂದು ಎಳೆತ ಎಳೆದು, “ಸಾಕು” ಅಂದರು. ಗ್ಯಾರೇಜಿನ ಸಾಮ್ರಾಜ್ಯದಲ್ಲಿ ಆ ಪದ ನನ್ನ ಕಿವಿಗೆ ಬಿದ್ದದ್ದು ಅಂದೇ ಮೊದಲು.

ಈಗ ನಾನು ಆಯಿಲ್ ಬದಲಿಸಲು ಹೋಗುವಾಗ ಹೊಸ ವಾಷರನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತೇನೆ. ಮೊದಲ ಸಲ ಹಾಗೆ ಹೋದಾಗ ಗ್ಯಾರೇಜಿನ ಹುಡುಗ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಮದುವೆಯೂಟಕ್ಕೆ ಮನೆಯಿಂದ ಉಪ್ಪು ತಂದವನನ್ನು ನೋಡುವ ಹಾಗಿತ್ತು ಆ ನೋಟ. ಪೈಪಿನತ್ತ ಕೈ ಚಾಚಿದ್ದೇ ತಡ, “ಬೇಡಪ್ಪಾ, ಕೈಯಲ್ಲೇ ಸಾಕು” ಎಂದೆ.

“ಸಾರ್, ಬಿದ್ದೋದ್ರೆ ನನ್ನ ಕೇಳ್ಬೇಡಿ.”

“ಕೇಳಲ್ಲ.”

“ಹಂಗಂತ ಎಲ್ಲರೂ ಹೇಳ್ತಾರೆ ಸಾರ್.”

“ಬರೆದುಕೊಡ್ಲಾ?”

ತಮಾಷೆಗೆ ಕೇಳಿದ್ದೆ. ಅವನು ಬಿಲ್ಲಿನ ಹಿಂಬದಿ ತಿರುಗಿಸಿ ಪೆನ್ನು ಮುಂದೆ ಹಿಡಿದ. ತಾರೀಕು ಹಾಕಿ, ರುಜು ಮಾಡಿ ಕೊಟ್ಟೆ. ಕಾಗದವನ್ನು ಮಡಿಸಿ ಜೇಬಿಗಿಳಿಸಿ, ಪೈಪನ್ನು ಕಾಲಿನಿಂದ ಮೂಲೆಗೆ ತಳ್ಳಿ, ಸ್ಪ್ಯಾನರಿನ ಬುಡ ಹಿಡಿದು, ಮೇಸ್ತ್ರಿಗಳಿಗಿಂತ ನಾಜೂಕಾಗಿ ಬಿಗಿದ. ಆ ಹದ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.