ಜಮಖಾನೆ ಎಳೆಯುವವ

ಒಬ್ಬನ ಕಾಲಡಿಯ ಹಾಸು ಎಳೆಯುವುದು ಎಂದು ಇಂಗ್ಲಿಷಿನವರಲ್ಲಿ ಒಂದು ಮಾತಿದೆ. ಎದುರು ನಿಂತು ಜಗಳಾಡಿದವನಿಗೆ ಅದನ್ನು ಹೇಳುವುದಿಲ್ಲ. ಬೆನ್ನಿಗಿದ್ದವನೇ ಸುಳಿವು ಕೊಡದೆ ಆಸರೆ ತೆಗೆದು ಕೆಲಸ ಕೆಡಿಸಿದಾಗ ಹೇಳುತ್ತಾರೆ. ಅಲ್ಲಿ ಹಾಸಿನ ಮೇಲೆ ನಿಂತವನು ಒಬ್ಬ, ಹೊರಗಿದ್ದು ಎಳೆಯುವವನು ಇನ್ನೊಬ್ಬ. ಹೊಸರಿತ್ತಿಯ ಗುಡಿಕಟ್ಟೆಗೆ ಈ ಮಾತನ್ನು ತಂದರೆ ತೊಡಕು ಶುರುವಾಗುವುದೇ ಇಲ್ಲಿ. ನಮ್ಮ ಕಡೆ ಜಮಖಾನೆಯೆಂದರೆ ನವಲಗುಂದದ ಹೆಣ್ಣುಮಕ್ಕಳು ನೇಯ್ದ ಗಟ್ಟಿ ಹಾಸು. ಅದರ ಮೇಲೆ ಊರೇ ಕೂರುತ್ತದೆ, ಎಳೆಯುವವನೂ ಸೇರಿ. ತಾನು ಕೂತದ್ದನ್ನೇ ಎಳೆಯುವುದು ಸಣ್ಣ ಕಲೆಯಲ್ಲ. ಹಾವೇರಿ ಸೀಮೆಯಲ್ಲಿ ಊರಿಗೊಬ್ಬನಂತಿರುವ ಈ ಮನುಷ್ಯ ಅದನ್ನು ಸಾಧಿಸಿದ್ದಾನೆ.

ಅವನನ್ನು ವಿರೋಧಿ ಎಂದರೆ ಅನ್ಯಾಯ. ಜಾತ್ರೆಯ ಪಟ್ಟಿ ಎತ್ತುವ ಮಾತು ಬರಲಿ, ಹೊಲದ ದಾರಿಯ ಮಾತು ಬರಲಿ, ಮೊದಲು ತಲೆದೂಗುವವನು ಅವನೇ. "ಭಾಳ ಛಲೋ ವಿಚಾರ ತಗದೀರಿ ಗೌಡ್ರ, ಮಾಡೂಣ್ರಿ. ನಂದೇನೂ ಇಲ್ರಿ. ಆದ್ರ ಮಂದಿ ಏನಂತಾರ ಅಂತ..." ಆ ವಾಕ್ಯ ಮುಗಿಯುವುದಿಲ್ಲ, ಮುಗಿಯದಿರುವುದೇ ಅದರ ಬಲ. ಮುಗಿದ ಮಾತಿಗೆ ಉತ್ತರ ಕೊಡಬಹುದು, ತೂಗುಬಿಟ್ಟ ಮಾತಿಗೆ ಯಾರು ಕೊಡಬೇಕು? 'ಮಂದಿ' ಯಾರೆಂದು ಯಾರೂ ಕೇಳುವುದಿಲ್ಲ. ಅದು ಅವನೊಬ್ಬನ ಬಹುವಚನ. ಮಾತಿನ ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು: ಕಟ್ಟೆಯ ಮೇಲೆ ಹತ್ತುವುದಿಲ್ಲ, ಮನೆ ಮುಟ್ಟಿದ ಮೇಲೆ ಉರಿಯುತ್ತದೆ. ಮರುದಿನ ಪಟ್ಟಿ ಕೊಡಬೇಕಾದವರೆಲ್ಲ "ಆಮ್ಯಾಲ ನೋಡೂಣು" ಎನ್ನುತ್ತಾರೆ. ಬುಡಕ್ಕೆ ಕೊಡಲಿ ಹಾಕುವುದು ಎಂಬ ನಮ್ಮ ಮಾತೂ ಇವನಿಗೆ ಒಗ್ಗದು, ಕೊಡಲಿಗೆ ಸಪ್ಪಳವಿದೆ. ಒಳಗಿಂದೊಳಗೇ ಬತ್ತಿ ಇಡುವವನೆನ್ನುವುದೇ ಸರಿ.

ಇಂಥವನೊಬ್ಬ ಇರದಿದ್ದರೆ ಪಟ್ಟಿಯ ಹಣ ಎತ್ತಿದವರ ಜೇಬಿಗೇ ಹೋದೀತು ಎನ್ನುವವರಿದ್ದಾರೆ. ಆದರೆ ಲೆಕ್ಕ ಬೇಕಾದವನು ಎದ್ದು ನಿಂತು ಕೇಳುತ್ತಾನೆ, ತೋರಿಸಿದರೆ ಕೂರುತ್ತಾನೆ. ಇವನ ಮುಂದೆ ಲೆಕ್ಕದ ಪುಸ್ತಕ ಹಿಡಿದರೆ ಕನ್ನಡಕ ಮರೆತು ಬಂದಿರುತ್ತಾನೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಹೊಸರಿತ್ತಿಯ ಹೆಸರು ಚರಿತ್ರೆ ಸೇರಿದ್ದೇ ಬುಡ ಅಲುಗಿಸಿದವರಿಂದಲ್ಲವೆ? ಹೌದು. 1943ರ ಏಪ್ರಿಲ್ 1ರಂದು ಬ್ರಿಟಿಷ್ ಸರ್ಕಾರದ ಕಂದಾಯದ ಹಣಕ್ಕೆ ಕೈಹಾಕಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ಕಂದಾಯವೇ ಸರ್ಕಾರ ನಿಂತ ಹಾಸು, ಅದನ್ನೇ ಎಳೆದರು. ಆದರೆ ಆ ಹಾಸಿನ ಮೇಲೆ ಕೂತು ತಲೆದೂಗಿದವರಲ್ಲ ಅವರು. 1930ರಲ್ಲೇ ಗಾಂಧೀಜಿಯೊಂದಿಗೆ ದಂಡಿಗೆ ನಡೆದ ಮಹಾದೇವಪ್ಪನವರ ಮನಸ್ಸಿನಲ್ಲಿ ಏನಿದೆ ಎಂಬುದು ಸರ್ಕಾರಕ್ಕೆ ಗುಟ್ಟಾಗಿರಲಿಲ್ಲ. ಅವರನ್ನೂ ಇವನನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ.

ಇಂಗ್ಲಿಷಿನ ಮಾತಿನಲ್ಲಿ ಹಾಸು ಎಳೆದ ಕೂಡಲೇ ಒಬ್ಬ ಬೀಳುತ್ತಾನೆ, ಆಟ ಮುಗಿಯುತ್ತದೆ. ಇಲ್ಲಿ ಸಭೆ ಮುರಿದು, ಎಲ್ಲರೂ ಎದ್ದು ಹೋಗಿ, ಹುಡುಗರು ಜಮಖಾನೆ ಮಡಿಸಲು ಬಂದರೂ ಅದರ ನಟ್ಟನಡುವೆ ಅವನೊಬ್ಬ ಕೂತಿರುತ್ತಾನೆ. ಚಹಾ ಬರುವತನಕ ಏಳುವುದಿಲ್ಲ.