ಕಂಪ್ಯೂಟರ್ ಪಕ್ಷಾಂತರ

ಮಂಗಳೂರು ಕಡೆಯಿಂದ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಬಂದರೆ ಎಡಕ್ಕೆ ದೇರಳಕಟ್ಟೆ, ಕೊಣಾಜೆ, ಬಲಕ್ಕೆ ಉಳ್ಳಾಲ, ನೆಟ್ಟಗೆ ಹೋದರೆ ತಲಪಾಡಿ, ಅಲ್ಲಿಂದಾಚೆ ಕೇರಳ. ಇಂಥ ಜಂಕ್ಷನ್ನಿನ ಬುಡದಲ್ಲಿ ಮನೆ ಮಾಡಿಕೊಂಡವನಿಗೆ ಒಂದೇ ದಾರಿ ಹಿಡಿದು ನಿಷ್ಠೆಯಿಂದ ನಡೆಯುವ ಗುಣ ಎಲ್ಲಿಂದ ಬರಬೇಕು ಹೇಳಿ? ಕಂಪ್ಯೂಟರಿನ ವಿಷಯದಲ್ಲಿ ನಾನು ಮಾಡಿದ ಪಕ್ಷಾಂತರಗಳನ್ನು ಕಂಡರೆ ಪಳಗಿದ ರಾಜಕಾರಣಿಗಳೂ ನಾಚಿಯಾರು.

ಮೊದಲ ಪ್ರೇಮ ಡಾಸ್. ಮಂಗಳೂರಿನ ಕಂಪ್ಯೂಟರ್ ಕ್ಲಾಸೊಂದರಲ್ಲಿ ಚಪ್ಪಲಿ ಹೊರಗೆ ಬಿಡದೆ ಯಾರನ್ನೂ ಒಳಗೆ ಸೇರಿಸುತ್ತಿರಲಿಲ್ಲ. ಅದು ಧೂಳಿನ ಭಯವೋ ಭಕ್ತಿಯೋ, ನಾವು ಕೇಳುವ ಧೈರ್ಯ ಮಾಡಲಿಲ್ಲ. ಏಸಿ ಕೋಣೆ, ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ವರ್ಡ್‌ಸ್ಟಾರಿನಲ್ಲಿ ಬರೆದದ್ದನ್ನು ಉಳಿಸಬೇಕಾದರೆ ಕಂಟ್ರೋಲ್ ಅದುಮಿ ಕೆ, ಆಮೇಲೆ ಎಸ್. ವಿಂಡೋಸ್ 95 ಬಂದು ಜನ ಮೌಸ್ ಹಿಡಿದು ಅತ್ತಿತ್ತ ಎಳೆಯತೊಡಗಿದಾಗ, ಇದೆಂಥ ಮಕ್ಕಳಾಟಿಕೆ ಎಂದು ನಾವು ಡಾಸ್ ಭಕ್ತರು ಮೂಗು ಮುರಿದೆವು. ಸ್ವಲ್ಪ ಸಮಯದಲ್ಲೇ ನನ್ನ ಕೈಯಲ್ಲೂ ಮೌಸ್ ಇತ್ತು.

ನನ್ನನ್ನು ಒಲಿಸಿಕೊಂಡದ್ದು ವಿಂಡೋಸಿನ ಬಣ್ಣವಲ್ಲ, ಅದರ ಬೆನ್ನಿಗೆ ಬಂದ ಕನ್ನಡ. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎರಡೂ ವಿಂಡೋಸಿನ ಮನೆಯವೇ. ನುಡಿಯ ಕೀಲಿಮಣೆಯ ಮೂಲ ಹುಡುಕಿದರೆ ನಮ್ಮ ಜಿಲ್ಲೆಗೇ ಬಂದು ಮುಟ್ಟುತ್ತದೆ: ಕಿನ್ನಿಕಂಬಳದ ಕೆ.ಪಿ. ರಾವ್. ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟ ಕನ್ನಡ ತಂತ್ರಾಂಶವನ್ನು ಕಾಸು ಕೇಳದೆ ಹಂಚಿದ ಪುಣ್ಯಾತ್ಮ. ಅವರ ಏರ್ಪಾಟಿನಲ್ಲಿ ಒತ್ತಕ್ಷರಕ್ಕೆ ಎಫ್, ಟಕಾರಕ್ಕೆ ಕ್ಯೂ. ನಮ್ಮೂರಿನ ಹೆಸರು ಬರೆಯಬೇಕಾದರೆ ಟಿ, ಓ, ಕೆ, ಎಫ್, ಕೆ, ಓ, ಕ್ಯೂ, ಎಫ್, ಕ್ಯೂ, ಯು. ಹೆಸರಿನಲ್ಲೇ ಎರಡೆರಡು ಒತ್ತು ಇರುವ ಊರಿನವನ ಕೀಬೋರ್ಡಿನಲ್ಲಿ ಮೊದಲು ಅಳಿಸಿಹೋಗುವ ಅಕ್ಷರ ಯಾವುದೆಂದು ಬೇರೆ ಹೇಳಬೇಕೆ?

ಆದರೆ ಆ ಕಾಲದ ಕನ್ನಡ ಇಂಗ್ಲಿಷಿನ ಸಂಕೇತಗಳನ್ನು ಕಡ ಪಡೆದು ಬದುಕುತ್ತಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ತಲೆಗೆ ಟೊಪ್ಪಿ, ಕೊಂಬು ಇಟ್ಟುಕೊಂಡ ರೋಮನ್ ಅಕ್ಷರಗಳು ಸಾಲಾಗಿ ನಿಂತಿರುತ್ತಿದ್ದವು. ನೆಂಟರೊಬ್ಬರ ಮದುವೆ ಕಾಗದವನ್ನು ಫ್ಲಾಪಿಯಲ್ಲಿ ಪ್ರೆಸ್ಸಿಗೆ ಕೊಟ್ಟು ಬಂದಿದ್ದೆ. ಸಂಜೆ ಫೋನು: “ಇದು ಯಾವ ಭಾಷೆ ಮಾರಾಯ್ರೆ? ಮದುಮಗಳು ಫಾರಿನ್ನಿನವಳಾ?”

ವಿಂಡೋಸ್ ಎಕ್ಸ್‌ಪಿಯಲ್ಲಿ ಕಡದ ಸಂಕೇತ ಬೇಡದ ಯುನಿಕೋಡ್ ಕನ್ನಡ ಬಂತು. ಅದರ ಫಾಂಟಿನ ಹೆಸರು ‘ತುಂಗಾ’. ನೇತ್ರಾವತಿ ದಡದವನಿಗೆ ಒಂದಿಷ್ಟು ಹೊಟ್ಟೆಕಿಚ್ಚಾದರೂ ಘಟ್ಟದ ಮೇಲಿನ ನದಿಗೆ ಕೈಮುಗಿದೆ.

ಲಿನಕ್ಸಿಗೆ ಹಾರಿದ್ದು ಅಳಿಯನ ದೆಸೆಯಿಂದ. ಅಳಿಯ ಎಂದರೆ ತಂಗಿಯ ಮಗ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಹುಡುಗ. ಕೇರಳ ಸರಕಾರ ಐಟಿ@ಸ್ಕೂಲ್ ಯೋಜನೆಯಲ್ಲಿ ಈ ಶತಮಾನದ ಮೊದಲ ದಶಕದಲ್ಲೇ ತನ್ನ ಶಾಲೆಗಳನ್ನು ಲಿನಕ್ಸಿಗೆ ಹೊರಳಿಸಿತ್ತು. ಹತ್ತನೆಯ ತರಗತಿಯ ಐಟಿ ಪರೀಕ್ಷೆಯೂ ಅದರಲ್ಲೇ. ತಲಪಾಡಿ ಗೇಟಿನ ಆಚೆಗೂ ಈಚೆಗೂ ಅದೇ ತುಳು, ಅದೇ ಮೀನಿನ ಸಾರು, ಆದರೆ ಮಕ್ಕಳ ಕಂಪ್ಯೂಟರ್ ಮಾತ್ರ ಬೇರೆ. ರಜೆಗೆ ಬಂದವನು ನನ್ನ ಯಂತ್ರದ ಮುಂದೆ ಕೂತು ಕೇಳಿದ, “ಮಾವ, ಇದಕ್ಕೆ ವೈರಸ್ಸಿನ ಮದ್ದೆಲ್ಲ ಹಾಕ್ಲಿಕ್ಕುಂಟಾ?”

“ಮತ್ತೆ? ಹಾಕದಿದ್ದರೆ ಆಗ್ತದಾ?”

“ನಮ್ಮ ಶಾಲೆಯದಕ್ಕೆ ಹಾಕುದಿಲ್ಲ.”

ಅಷ್ಟು ಸಾಕಾಯಿತು. ಆಗೆಲ್ಲ ಉಬುಂಟು ಎಂಬ ಲಿನಕ್ಸಿನವರು ಕೇಳಿದವರಿಗೆ ಸೀಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. 2011ರಲ್ಲಿ ಆ ಧರ್ಮಛತ್ರ ಮುಚ್ಚಿತು. ವಿದೇಶದ ಲಕೋಟೆ ತಂದ ಪೋಸ್ಟ್‌ಮ್ಯಾನ್, ನನಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತೆಂದೇ ನಂಬಿ ಬೀದಿಗೆಲ್ಲ ಹೇಳಿದ. ಲಿನಕ್ಸಿನಲ್ಲಿ ‘ಮಲ್ಲಿಗೆ’, ‘ಕೇದಗೆ’ ಎಂಬ ಫಾಂಟುಗಳಿದ್ದವು. ಹೆಸರಿಗೇ ಮನಸೋತೆ. ಪ್ರಿಂಟರ್ ಮಾತ್ರ ಪರಿಮಳಕ್ಕೆ ಸೋಲುವ ಜಾತಿಯದ್ದಲ್ಲ. ನಾನು ಮುಕ್ತ ತಂತ್ರಾಂಶದ ಸ್ವಾತಂತ್ರ್ಯದ ಬಗ್ಗೆ ಮಾತು ಶುರುಮಾಡಿದರೆ ಹೆಂಡತಿ ಅಡುಗೆಮನೆಯಿಂದಲೇ, “ನಿಮ್ಮ ಸ್ವಾತಂತ್ರ್ಯ ಆದ ಮೇಲೆ ಆ ರೇಶನ್ ಕಾರ್ಡಿನ ಕಾಗದ ಒಂದು ಪ್ರಿಂಟ್ ತೆಗೀರಿ” ಎನ್ನುತ್ತಿದ್ದಳು. ಮತ್ತೆ ವಿಂಡೋಸ್. ಮತ್ತೆ ಲಿನಕ್ಸ್. ವರ್ಷಗಟ್ಟಲೆ ಎಳೆದ ನಮ್ಮ ಫ್ಲೈಓವರ್ 2019ರಲ್ಲಿ ತೆರೆಯುವ ಹೊತ್ತಿಗೆ ನಾನು ಆ ದಡ ಈ ದಡ ಓಡಾಡಿದ್ದಕ್ಕೆ ಲೆಕ್ಕವಿಲ್ಲ.

ನಡುವೆ ಮ್ಯಾಕ್ ಕೂಡ ಮನೆಗೆ ಬಂತು, ಬೆಂಗಳೂರಿನಲ್ಲಿರುವ ಮಗಳ ಚೀಲದಲ್ಲಿ. ಚಂದದ ವಸ್ತು, ಸುಳ್ಳು ಹೇಳಬಾರದು. ಆ್ಯಪಲ್‌ನವರು 2011ರ ಆವೃತ್ತಿಯಿಂದಲೇ ಕನ್ನಡದ ಫಾಂಟುಗಳನ್ನು ಜೊತೆಗೆ ಕೊಡುತ್ತಿದ್ದಾರೆ. ಆದರೆ ಕಂಟ್ರೋಲ್ ಒತ್ತಿ ಬದುಕು ಸವೆಸಿದ ಕಿರುಬೆರಳಿಗೆ, ಇನ್ನು ಮುಂದೆ ಕಮಾಂಡ್ ಒತ್ತು ಎಂದರೆ ಅದು ಕೇಳೀತೆ? “ಅಪ್ಪಾ, ಅದು ಹಾಗಲ್ಲ” ಎಂದು ಮಗಳು ಹೇಳಿದಷ್ಟೂ ಬೆರಳು ಹಳೆಯ ಜಾಗಕ್ಕೇ ಹೋಗಿ ಕೂರುತ್ತಿತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತು. ಹನ್ನೊಂದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕಂತೆ; ನನ್ನ ಮುದಿ ಯಂತ್ರದಲ್ಲಿ ಅದಿಲ್ಲ. ಅಂಗಡಿಯವನು ಹೊಸದು ತೆಗೆದುಕೊಳ್ಳಿ ಎಂದ. ನಾನು ಹಳೆಯದಕ್ಕೇ ಇನ್ನೊಮ್ಮೆ ಲಿನಕ್ಸ್ ಹಾಕಿದೆ. ಕೀಬೋರ್ಡುಗಳ ಪಟ್ಟಿ ತೆರೆದರೆ ಅಲ್ಲೇ ಕೂತಿತ್ತು ‘ಕಗಪ’, ಕಿನ್ನಿಕಂಬಳದವರ ಅದೇ ಏರ್ಪಾಟು. ಎಫ್ ಒತ್ತಿದೆ, ಒತ್ತು ಬಿತ್ತು. ಪರದೆಯ ಹಿಂದೆ ಯಾವ ಕಂಪನಿಯ ಸರಕಾರ ಇದ್ದರೆ ನನಗೇನು?

ಹನ್ನೊಂದಕ್ಕೆ ಸಲ್ಲದ ಲ್ಯಾಪ್‌ಟಾಪ್ ನಿಮ್ಮಲ್ಲೂ ಇದ್ದರೆ ಗುಜರಿಗೆ ಹಾಕಬೇಡಿ ಮಾರಾಯ್ರೆ. ಭಾನುವಾರ ಸಂಜೆ ಈ ಕಡೆ ಬಂದರೆ ಚಾ ಕುಡಿಯುತ್ತಾ ಲಿನಕ್ಸ್ ಹಾಕಿ ಕೊಡುತ್ತೇನೆ. ಪ್ರಿಂಟರ್ ಮಾತ್ರ ತರಬೇಡಿ.