ಇಲ್ಲದ ವಸ್ತುವಿಗೆ ಚಾರ್ಜ್ ಹಾಕುವ ವಿಧಾನ

ಭಾರತದಲ್ಲಿ ಇ-ಸಿಗರೇಟ್ ಇಲ್ಲ. ಕರ್ನಾಟಕದಲ್ಲಂತೂ 2016ರಲ್ಲೇ ಇಲ್ಲವಾಯಿತು. ಕೇಂದ್ರಕ್ಕೆ ಕಾಯ್ದೆ ಮಾಡಲು 2019 ಬೇಕಾಯಿತು. ತಯಾರಿಸುವಂತಿಲ್ಲ, ತರಿಸುವಂತಿಲ್ಲ, ಮಾರುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ಮಳೆಗಾಲದ ಶನಿವಾರ ಬೆಳಿಗ್ಗೆ ತಾಳಗುಪ್ಪದಲ್ಲಿ ರೈಲಿಳಿದು ಜೋಗಕ್ಕೆ ಹೊರಡುವ ಹುಡುಗರ ಬಾಯಿಂದ ಬರುವ, ಮಾವಿನಹಣ್ಣಿನ ವಾಸನೆಯ ಬಿಳಿ ಹೊಗೆಯನ್ನು ಮಲೆನಾಡಿನ ಮಂಜು ಎಂದೇ ತಿಳಿಯತಕ್ಕದ್ದು.

ಈ ಮಂಜಿಗೆ ಚಾರ್ಜ್ ಬೇಕು, ಅದೇ ಪೇಚು. ರಾತ್ರಿ 11ರಿಂದ ಬೆಳಗಿನ 5ರವರೆಗೆ ರೈಲಿನ ಚಾರ್ಜಿಂಗ್ ಪಾಯಿಂಟ್ ಬಂದ್ ಎನ್ನುತ್ತದೆ ರೈಲ್ವೆ. ಜನ ಮಲಗಿದಾಗ ಬ್ಯಾಟರಿ ಕಾಯುವವರು ಯಾರೂ ಇರುವುದಿಲ್ಲ ಎಂಬಷ್ಟು ವಿವೇಕ ಒಂದು ಸರ್ಕಾರಿ ಇಲಾಖೆಗೆ ಇದೆ ಎಂದರೆ ನಂಬುವುದೇ ಕಷ್ಟ. ಹೀಗಾಗಿ ಹುಡುಗರು ಹೋಂಸ್ಟೇಗೆ ಬಂದವರೇ ಜಲಪಾತ ಕೇಳುವುದಿಲ್ಲ, ಬಚ್ಚಲು ಕೇಳುವುದಿಲ್ಲ, ಪ್ಲಗ್ ಪಾಯಿಂಟ್ ಕೇಳುತ್ತಾರೆ. ಜಗಲಿಯಲ್ಲಿ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್. ಅದರಲ್ಲಿ ತೋಟಕ್ಕೆ ಒಯ್ಯುವ ತಲೆ ಟಾರ್ಚು, ಸೊಳ್ಳೆ ಮಿಷನ್ನು, ಸೊಸೆಯ ಫೋನು. ಹುಡುಗ ಸೊಳ್ಳೆ ಮಿಷನ್ನು ಕಿತ್ತು, ಗೆಳೆಯನ ಫೋನಿನ ಚಾರ್ಜರಿಗೆ ತನ್ನ ಕಡ್ಡಿಯನ್ನು ಸಿಕ್ಕಿಸುತ್ತಾನೆ.

"ಅದೆಂತದು ತಮಾ?"

"ಪೆನ್ ಡ್ರೈವ್, ಅಜ್ಜಾ."

"ಪೆನ್ ಡ್ರೈವಿಗೂ ಈಗ ಚಾರ್ಜ್ ಹಾಕ್ತ್ರಾ?"

"ಹೊಸ ಮಾಡೆಲ್ಲು."

ಹೋಂಸ್ಟೇಯ ಅಜ್ಜನ ಬಾಯಲ್ಲಿ ಕವಳ ಇದ್ದುದರಿಂದ ವಿಚಾರಣೆ ಮುಂದುವರಿಯಲಿಲ್ಲ.

ಮುಂದುವರಿದಿದ್ದರೆ ಆ ಕಡ್ಡಿಯ ಹೊಟ್ಟೆಯಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಇದೆ ಎಂದು ಗೊತ್ತಾಗುತ್ತಿತ್ತು. ಅದನ್ನು ರೂಪಿಸಿದ ಮೂವರಿಗೆ ನೊಬೆಲ್ ಬಂದದ್ದು 2019ರಲ್ಲಿ, ನಮ್ಮ ಕಾಯ್ದೆ ಬಂದ ವರ್ಷವೇ. ಎರಡು ಧ್ರುವಗಳ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ, ಸುತ್ತಲೂ ಬೆಂಕಿ ಹತ್ತುವ ದ್ರಾವಕ. ಸಾಮಾನ್ಯ ಸೆಲ್ಲಿಗೆ 4.2 ವೋಲ್ಟ್ ಅಂದರೆ ಹೊಟ್ಟೆ ತುಂಬಿತು ಎಂದರ್ಥ. ಅಲ್ಲಿಗೆ ನಿಲ್ಲಿಸುವ ಸರ್ಕ್ಯೂಟ್ ಒಳಗಿದ್ದರೆ ಸರಿ. ಅಗ್ಗದ ಮಾಲಿನಲ್ಲಿ ಅದಿಲ್ಲದಿದ್ದರೆ, ಇದ್ದೂ ಕೆಟ್ಟಿದ್ದರೆ, ಮೇಲೆ ಬಡಿಸಿದ್ದೆಲ್ಲ ಒಳಗೆ ಲಿಥಿಯಂ ಮುಳ್ಳಾಗಿ ಬೆಳೆದು ಪೊರೆಯನ್ನು ಚುಚ್ಚುತ್ತದೆ. ಆಮೇಲೆ ಕಾವು ಕಾವನ್ನು ಹುಟ್ಟಿಸುತ್ತ ಹೋಗುತ್ತದೆ. ಪ್ಲಗ್ ಕಿತ್ತರೂ ಕೇಳುವುದಿಲ್ಲ.

ಇದನ್ನು ಯಾರಾದರೂ ಹುಡುಗನಿಗೆ ಹೇಳಬೇಕಿತ್ತು. ಯಾರು? ಗೂಡಂಗಡಿಯ ಸಿಗರೇಟು ಪ್ಯಾಕಿನ ಶೇಕಡಾ 85ರಷ್ಟು ಜಾಗದಲ್ಲಿ ರೋಗದ ಚಿತ್ರವನ್ನೂ ಎಚ್ಚರಿಕೆಯನ್ನೂ ಹಾಕಿಸಿದ ಸರ್ಕಾರ, ಇಲ್ಲದ ವಸ್ತುವಿಗೆ ಎಚ್ಚರಿಕೆ ಬರೆಸುವುದು ಹೇಗೆ? ಐಎಸ್‌ಐ ಮಾರ್ಕಿಲ್ಲ, ಬಿಲ್ಲಿಲ್ಲ, ವಾರಂಟಿ ಇಲ್ಲ. ಡಬ್ಬದ ಮೇಲೆ ಇರುವುದು ಚೀನೀ ಅಕ್ಷರ. ಇನ್ನೂ ಸೊಗಸೆಂದರೆ, ಕಾಯ್ದೆಯ ನಿಷೇಧದ ಪಟ್ಟಿಯಲ್ಲಿ ಸೇದುವುದು ಸೇರಿಲ್ಲ. ಮಾರಿದವನಿಗೆ ಜೈಲು, ಸೇದಿದವನಿಗೆ ಜೋಗ.

ಹಾಗಾಗಿ ಇಲ್ಲದ ವಸ್ತುವಿನ ಇಲ್ಲದ ಕೈಪಿಡಿಯನ್ನು ನಾನೇ ಬರೆಯಬೇಕಾಗಿದೆ. ಅದರ ಜೊತೆ ಬಂದ ಕೇಬಲ್ಲನ್ನೇ ಬಳಸಿ, ಡಬ್ಬದಲ್ಲಿ ನಮೂದಿಸಿದಷ್ಟೇ ಆಂಪಿಯರಿನ ಚಾರ್ಜರಿಗೆ ಹಾಕಿ. ಫೋನನ್ನು ಅರ್ಧ ಗಂಟೆಗೆ ತುಂಬಿಸುವ ಚಾರ್ಜರು ಇದಕ್ಕೆ ಬೇಡ. ದಿಂಬಿನಡಿ, ಕಂಬಳಿ ಮೇಲೆ ಬೇಡವೇ ಬೇಡ. ಸಿಮೆಂಟಿನ ನೆಲ, ಕಲ್ಲಿನ ಕಟ್ಟೆ ಆಗಬಹುದು. ಬಿಚ್ಚಿ ತೆಗೆಯುವ ಬ್ಯಾಟರಿಯಾದರೆ ಮೈಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದಿದೆಯೇ ನೋಡಿ, ಏಕೆಂದರೆ ಆ ಬ್ಯಾಟರಿಯ ಮೈಯೆಲ್ಲ ಮೈನಸ್, ತಲೆಯ ಗುಬ್ಬಿ ಮಾತ್ರ ಪ್ಲಸ್. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಇಟ್ಟರೆ ತೊಡೆಯೇ ಸಾಕ್ಷಿ. ಉಬ್ಬಿದ್ದಕ್ಕೆ, ನೆನೆದದ್ದಕ್ಕೆ, ಬಂಡೆ ಮೇಲೆ ಬಿದ್ದದ್ದಕ್ಕೆ ಮತ್ತೆ ಚಾರ್ಜ್ ಹಾಕಬೇಡಿ. ಮುಖ್ಯವಾಗಿ, ಎಚ್ಚರವಿದ್ದಾಗ ಮಾತ್ರ ಹಾಕಿ.

ಈ ಕೊನೆಯದು ತಾಳಗುಪ್ಪದಲ್ಲಿ ನಡೆಯುವ ಮಾತಲ್ಲ. ಇಲ್ಲೇ ಹತ್ತಿರದ ಜೋಗದಲ್ಲಿ 1948ರಿಂದ ಕರೆಂಟು ಹುಟ್ಟುತ್ತಿದೆ. ಹುಟ್ಟಿದ್ದೇ ಘಟ್ಟ ಹತ್ತಿ, ಬಯಲು ದಾಟಿ ಬೆಂಗಳೂರು ಸೇರುತ್ತದೆ. ನಮಗೆ ಒಂದು ಗಾಳಿ ಬೀಸಿದರೆ ಸಂಜೆ ಏಳಕ್ಕೆ ಹೋದದ್ದು ನಡುರಾತ್ರಿ ಎರಡಕ್ಕೆ, ಅದೂ ಬಲ್ಬು ಉರಿದುಹೋಗುವಷ್ಟು ಹುರುಪಿನಿಂದ ಬರುತ್ತದೆ. ಆಗ ಎಲ್ಲರೂ ಮಲಗಿರುತ್ತಾರೆ, ಪ್ಲಗ್ಗುಗಳು ಸಿಕ್ಕಿಸಿದಲ್ಲೇ ಇರುತ್ತವೆ. ತಲೆಯ ಮೇಲಿನ ಮರದ ಅಟ್ಟದಲ್ಲಿ ಚಾಲಿ ಅಡಿಕೆ, ಒಣ ಹಾಳೆ.

ಭಾನುವಾರ ಹುಡುಗರು ಹೊರಟರು. ಕಡ್ಡಿ ಸತ್ತಿತ್ತು, ಬಿಟ್ಟುಹೋದರು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಸತ್ತ ಬ್ಯಾಟರಿಗೆ ಗತಿ ಕಾಣಿಸುವ ಹೊಣೆ ಉತ್ಪಾದಕನದು. 2019ರ ಕಾಯ್ದೆಯ ಪ್ರಕಾರ ಉತ್ಪಾದಕನೇ ಇಲ್ಲ. ಎರಡು ಕಾನೂನುಗಳ ನಡುವಿನ ಆ ಕಡ್ಡಿಯನ್ನು ಕಸದ ಗಾಡಿಯವನು ಒಣಕಸದ ಚೀಲಕ್ಕೆ ಹಾಕಿಕೊಂಡ. ಅದರ ಮೇಲೆ ರಟ್ಟು, ಹಾಲಿನ ಪ್ಯಾಕೆಟ್ಟು ತುರುಕಿ, ಇನ್ನಷ್ಟು ಹಿಡಿಯಲಿ ಎಂದು ಹಿಮ್ಮಡಿಯಿಂದ ಬಲವಾಗಿ ಅದುಮಿದ.